ಝೋಡಿಯಾಕ್ ಕೊಲೆಗಾರನ ಹದಿಮೂರು ಚಿಹ್ನೆಗಳು ಯಾಕೆ ಇನ್ನೂ ಬಿಡಿಸಲಾಗಿಲ್ಲ?

‘ಝೋಡಿಯಾಕ್ ಕೊಲೆಗಾರನ ಹೆಸರು ಕೊನೆಗೂ ಪತ್ತೆ’ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. 1960ರ ದಶಕದ ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಣಿ ಕೊಲೆ ಮಾಡಿ, ಪತ್ರಿಕೆಗಳಿಗೆ ಗೂಢಲಿಪಿ ಕಳಿಸುತ್ತಿದ್ದು, ಯಾರೆಂದು ಇಂದಿಗೂ ಗೊತ್ತಾಗದವನು ಅವನು. ಯಾರೋ ಅವನ ಗೂಢಲಿಪಿ ಬಿಡಿಸಿದ್ದಾರಂತೆ, ಅದರಲ್ಲಿ ಇಂಥವರ ಹೆಸರು ಇದೆಯಂತೆ. ನಾಲ್ಕು ದಿನ ಎಲ್ಲರೂ ಅದನ್ನೇ ಮಾತಾಡುತ್ತಾರೆ. ಆಮೇಲೆ ಇನ್ನೊಬ್ಬರು ಇನ್ನೊಂದು ಹೆಸರು ಹಿಡಿದು ಬರುತ್ತಾರೆ. ಆ ಗೂಢಲಿಪಿಯಲ್ಲಿ ಇರುವುದು ಬರೀ 13 ಚಿಹ್ನೆ. ಐವತ್ತು ವರ್ಷ ದಾಟಿದರೂ ಅಷ್ಟು ಚಿಕ್ಕದನ್ನು ಬಿಡಿಸಲು ಆಗಿಲ್ಲ ಅಂದರೆ, ಬರೆದವನು ಎಂಥ ಬುದ್ಧಿವಂತನಿರಬೇಕು ಅನ್ನಿಸುವುದು ಸಹಜ. ಆದರೆ ವಿಷಯ ಹಾಗಿಲ್ಲ. ಅದು ಚಿಕ್ಕದಾಗಿರುವುದೇ ತೊಡಕು. ಇದು ಅರ್ಥವಾಗಬೇಕಾದರೆ ಅವನು ಕಳಿಸಿದ ನಾಲ್ಕೂ ಗೂಢಲಿಪಿಗಳನ್ನು ನೋಡಬೇಕು. ಎರಡನ್ನು ಬಿಡಿಸಿಯಾಗಿದೆ, ಎರಡು ಉಳಿದಿವೆ.

ಮೊದಲು ನಡೆದದ್ದೇನು ಅಂತ ಚುಟುಕಾಗಿ ಹೇಳುತ್ತೇನೆ. 1968ರ ಡಿಸೆಂಬರ್ 20ರ ರಾತ್ರಿ, ಉತ್ತರ ಕ್ಯಾಲಿಫೋರ್ನಿಯಾದ ಬೆನಿಶಿಯಾ ಊರಿನ ಹತ್ತಿರ, ಲೇಕ್ ಹರ್ಮನ್ ರಸ್ತೆಯಲ್ಲಿ 17 ವರ್ಷದ ಹುಡುಗ ಮತ್ತು 16 ವರ್ಷದ ಹುಡುಗಿ ಗುಂಡೇಟಿಗೆ ಸತ್ತರು. 1969ರ ಜುಲೈ 4ರ ರಾತ್ರಿ ಪಕ್ಕದ ವಲೆಹೋ ಊರಿನ ಒಂದು ಪಾರ್ಕಿನಲ್ಲಿ 22 ವರ್ಷದ ಯುವತಿ ಸತ್ತಳು, ಅವಳ ಜೊತೆಗಿದ್ದ 19ರ ಹುಡುಗ ಹೇಗೋ ಬದುಕಿಕೊಂಡ. ಸೆಪ್ಟೆಂಬರ್ 27ರಂದು ಬೆರಿಯೆಸಾ ಕೆರೆಯ ದಡದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಚಾಕುವಿನಿಂದ ಇರಿದ. ಒಬ್ಬಳು ಆಸ್ಪತ್ರೆಯಲ್ಲಿ ಸತ್ತಳು, ಒಬ್ಬ ಉಳಿದ. ಅಕ್ಟೋಬರ್ 11ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 29 ವರ್ಷದ ಟ್ಯಾಕ್ಸಿ ಚಾಲಕನನ್ನು ಕೊಂದ. ಖಚಿತವಾಗಿ ಅವನದೇ ಎಂದು ಪೊಲೀಸರು ಹೇಳುವುದು ಈ ಐದು ಸಾವುಗಳನ್ನು. ಅವನು ಮಾತ್ರ 1974ರ ಒಂದು ಪತ್ರದಲ್ಲಿ ತನ್ನ ಲೆಕ್ಕ 37 ಎಂದು ಬರೆದುಕೊಂಡಿದ್ದ. ಸತ್ತವರಲ್ಲಿ ಯಾರಿಗೂ ಮೂವತ್ತು ತುಂಬಿರಲಿಲ್ಲ. ಗೂಢಲಿಪಿಯ ಗುಂಗಿನಲ್ಲಿ ಇದು ಮರೆತುಹೋಗಬಾರದು ಅಂತಲೇ ಮೊದಲಿಗೆ ಹೇಳಿದೆ.

ಒಂದೇ ವಾರದಲ್ಲಿ ಬಿಚ್ಚಿಕೊಂಡದ್ದು

1969ರ ಜುಲೈ ಕೊನೆಯ ದಿನ ಮೂರು ಪತ್ರಿಕೆಗಳಿಗೆ ಮೂರು ಪತ್ರ ಅಂಚೆಗೆ ಬಿದ್ದವು: ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್, ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್, ವಲೆಹೋ ಟೈಮ್ಸ್-ಹೆರಾಲ್ಡ್. ಪ್ರತಿಯೊಂದರ ಜೊತೆಗೂ ಗೂಢಲಿಪಿಯ ಮೂರನೇ ಒಂದು ಭಾಗ. ಎಂಟು ಸಾಲು, ಸಾಲಿಗೆ 17 ಚಿಹ್ನೆ, ಒಟ್ಟು 136. ಮೂರೂ ಸೇರಿದರೆ 408. ಮುಖಪುಟದಲ್ಲಿ ಹಾಕದಿದ್ದರೆ ಇನ್ನಷ್ಟು ಜನರನ್ನು ಕೊಲ್ಲುತ್ತೇನೆ ಎಂಬ ಬೆದರಿಕೆ ಬೇರೆ. ಈ ಗೂಢಲಿಪಿಯಲ್ಲಿ ನಾನು ಯಾರೆಂಬುದು ಇದೆ ಎಂದೂ ಬರೆದಿದ್ದ.

ಸಾದಾ ಗೂಢಲಿಪಿ ಹೇಗಿರುತ್ತದೆ ಅಂತ ಮೊದಲು ನೋಡೋಣ. ಇಂಗ್ಲಿಷಿನ 26 ಅಕ್ಷರಕ್ಕೆ 26 ಚಿಹ್ನೆ, ಒಂದಕ್ಕೆ ಒಂದು. ಇದನ್ನು ಬಿಡಿಸುವುದು ಸುಲಭ. ಯಾಕಂದರೆ ಇಂಗ್ಲಿಷ್ ಬರಹದಲ್ಲಿ ‘ಇ’ ಅಕ್ಷರ ನೂರಕ್ಕೆ ಸುಮಾರು 12 ಸಲ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ ಬಂದ ಚಿಹ್ನೆ ಯಾವುದು ಅಂತ ಎಣಿಸಿದರೆ ಸಾಕು, ‘ಇ’ ಸಿಕ್ಕಿಬೀಳುತ್ತದೆ. ಅದರ ಬಾಲ ಹಿಡಿದು ‘ಟಿ’, ‘ಎಚ್’ ಎಲ್ಲ ಬರುತ್ತವೆ.

ಝೋಡಿಯಾಕ್ ಈ ಎಣಿಕೆಯನ್ನು ತಪ್ಪಿಸಲು ನೋಡಿದ. ಜಾಸ್ತಿ ಬರುವ ಅಕ್ಷರಕ್ಕೆ ಜಾಸ್ತಿ ಚಿಹ್ನೆ ಕೊಟ್ಟ. ‘ಇ’ ಒಂದಕ್ಕೇ ಏಳು ಚಿಹ್ನೆ. ‘ಎ’, ‘ಟಿ’, ‘ಓ’, ‘ಎನ್’ಗಳಿಗೆ ನಾಲ್ಕು ನಾಲ್ಕು. ಹೀಗೆ ಒಟ್ಟು 54 ಚಿಹ್ನೆಗಳಾದವು. ಆಗ ಯಾವ ಚಿಹ್ನೆಯೂ ಎದ್ದು ಕಾಣುವುದಿಲ್ಲ. ಇದು ಅವನು ಕಂಡುಹಿಡಿದದ್ದೇನೂ ಅಲ್ಲ, ಶತಮಾನಗಳಿಂದ ಬಳಕೆಯಲ್ಲಿದ್ದ ಉಪಾಯ.

ಇದನ್ನು ಬಿಡಿಸಿದ್ದು ಸಲಿನಾಸ್ ಊರಿನ ಶಾಲಾ ಮೇಷ್ಟ್ರು ಡೊನಾಲ್ಡ್ ಹಾರ್ಡನ್ ಮತ್ತು ಅವರ ಹೆಂಡತಿ ಬೆಟ್ಟಿ. ಪತ್ರಿಕೆಯಲ್ಲಿ ಬಂದದ್ದನ್ನು ನೋಡಿ, ಪೆನ್ಸಿಲ್ ಕಾಗದ ಹಿಡಿದು ಮನೆಯಲ್ಲೇ ಕೂತರು. ದಾರಿ ತೆರೆದದ್ದು ಬೆಟ್ಟಿಯವರ ಊಹೆ. ಇಂಥ ಮನುಷ್ಯ ‘ನಾನು’ ಅಂತಲೇ ಶುರು ಮಾಡುತ್ತಾನೆ, ‘ಕೊಲ್ಲು’ ಎಂಬ ಮಾತು ಬಂದೇ ಬರುತ್ತದೆ ಎಂದು ಅವರು ಹೇಳಿದರು. ಇಂಗ್ಲಿಷಿನ ‘ಕಿಲ್’ ಪದದ ಕೊನೆಗೆ ಎರಡು ‘ಎಲ್’ ಜೋಡಿಯಾಗಿ ಬರುತ್ತವೆ. ಜೋಡಿ ಎಲ್ಲೆಲ್ಲಿ ಕೂರಬಹುದು ಎಂದು ಹುಡುಕುತ್ತಾ ಹೋದರು. ಸಿಕ್ಕಿತು. ಪತ್ರ ಬಂದು ಸುಮಾರು ಒಂದು ವಾರದಲ್ಲಿ ಇಡೀ ಬರಹ ಬಿಚ್ಚಿಕೊಂಡಿತು.

ಒಳಗಿದ್ದದ್ದು ಹೊಲಸು ಮಾತು. ಜನರನ್ನು ಕೊಲ್ಲುವುದು ತನಗೆ ಇಷ್ಟ, ಕಾಡಿನ ಬೇಟೆಗಿಂತ ಅದರಲ್ಲೇ ಮಜಾ, ಸತ್ತವರೆಲ್ಲ ಸ್ವರ್ಗದಲ್ಲಿ ತನ್ನ ಗುಲಾಮರಾಗುತ್ತಾರೆ, ಹೀಗೆ. ತಪ್ಪು ಕಾಗುಣಿತ ಬೇಕಾದಷ್ಟು. ಮತ್ತೆ ಹೆಸರು? ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನನ್ನನ್ನು ತಡೆಯುತ್ತೀರಿ ಎಂದು ಬರೆದಿದ್ದ. ಹೊರಗಿನ ಪತ್ರದಲ್ಲಿ ಕೊಟ್ಟ ಮಾತು ಒಳಗೆ ಸುಳ್ಳಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊನೆಯ 18 ಅಕ್ಷರ ಮಾತ್ರ ಅರ್ಥವಾಗಲಿಲ್ಲ. ಅದೇ ಕೀಲಿ, ಅಂದರೆ ಯಾವ ಚಿಹ್ನೆಗೆ ಯಾವ ಅಕ್ಷರ ಎಂಬ ಪಟ್ಟಿ, ಹಾಕಿ ಓದಿದರೆ ಇ, ಬಿ, ಇ, ಓ, ಆರ್, ಐ, ಇ, ಟಿ, ಇ, ಎಂ, ಇ, ಟಿ, ಎಚ್, ಎಚ್, ಪಿ, ಐ, ಟಿ, ಐ ಎಂದು ಬರುತ್ತದೆ. ಇವನ್ನು ಹಿಂದೆಮುಂದೆ ಮಾಡಿ ಹೆಸರು ಹೊರಡಿಸಿದವರು ಬಹಳ ಜನ. ನನಗನಿಸುವುದು ಇಷ್ಟೆ: ಮೂರು ಪತ್ರಿಕೆಗೂ ಸಮ ಸಮ ಎಂಟು ಸಾಲು ಬೇಕಿತ್ತು, ಅವನ ಮಾತು 390ಕ್ಕೇ ಮುಗಿದಿತ್ತು, ಉಳಿದ ಜಾಗಕ್ಕೆ ಸುಮ್ನೆ ಏನೋ ತುಂಬಿದ. ಗೂಢಲಿಪಿ ಬರೆಯುವವರು ಹೀಗೆ ತುಂಬುವುದು ಮಾಮೂಲು.

ಐವತ್ತೊಂದು ವರ್ಷ ಹಿಡಿದದ್ದು

ನವೆಂಬರ್ 8ರಂದು ಕ್ರಾನಿಕಲ್‌ಗೆ ಎರಡನೆಯದು ಹೋಯಿತು. 20 ಸಾಲು, ಸಾಲಿಗೆ 17, ಒಟ್ಟು 340 ಚಿಹ್ನೆ, ಅದರಲ್ಲಿ ಬೇರೆ ಬೇರೆಯವು 63. ನೋಡಲು ಮೊದಲಿನದರ ತಮ್ಮನಂತೆಯೇ ಇತ್ತು. ಆದರೆ ಹಾರ್ಡನ್ ದಂಪತಿಯ ದಾರಿ ಇಲ್ಲಿ ನಡೆಯಲಿಲ್ಲ. ಎಫ್‌ಬಿಐಗೂ ಆಗಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಆಗಲಿಲ್ಲ.

ಕಂಪ್ಯೂಟರ್ ಇದನ್ನು ಮಾಡುವ ರೀತಿ ಹೀಗೆ. ಮೊದಲು ಕಣ್ಣುಮುಚ್ಚಿ ಒಂದು ಕೀಲಿ ಹಾಕುತ್ತದೆ: ಈ ಚಿಹ್ನೆ ‘ಎ’, ಆ ಚಿಹ್ನೆ ‘ಟಿ’, ಹೀಗೆ. ಹೊರಗೆ ಬಂದದ್ದು ಎಷ್ಟರಮಟ್ಟಿಗೆ ಇಂಗ್ಲಿಷಿನ ಹಾಗಿದೆ ಎಂದು ಅಂಕ ಕೊಡುತ್ತದೆ. ಆಮೇಲೆ ಒಂದು ಚಿಹ್ನೆಯನ್ನು ಮಾತ್ರ ಬದಲಾಯಿಸುತ್ತದೆ. ಅಂಕ ಏರಿತೋ, ಇಟ್ಟುಕೊಳ್ಳುತ್ತದೆ. ಇಳಿಯಿತೋ, ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಹೀಗೆ ಲಕ್ಷಗಟ್ಟಲೆ ಸಲ. 408ರದ್ದು ಈ ರೀತಿಯಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಇದಕ್ಕೆ ಒಂದು ಷರತ್ತಿದೆ. ಚಿಹ್ನೆಗಳನ್ನು ಸರಿಯಾದ ಕ್ರಮದಲ್ಲಿ ಓದುತ್ತಿರಬೇಕು. ಕ್ರಮವೇ ತಪ್ಪಾಗಿದ್ದರೆ ಎಷ್ಟು ಕೀಲಿ ಬದಲಾಯಿಸಿದರೂ ಇಂಗ್ಲಿಷ್ ಬರುವುದಿಲ್ಲ. 340ರಲ್ಲಿ ಅವನು ಮಾಡಿದ್ದು ಅದನ್ನೇ. ಅಕ್ಷರ ಬದಲಾಯಿಸಿದ್ದಲ್ಲದೆ ಜಾಗವನ್ನೂ ಕಲಸಿದ್ದ.

ಮೂರು ದೇಶದ ಮೂವರು ಹವ್ಯಾಸಿಗಳು ಇದನ್ನು 2020ರ ಡಿಸೆಂಬರ್‌ನಲ್ಲಿ ಬಿಡಿಸಿದರು. ಅಮೆರಿಕದ ಸಾಫ್ಟ್‌ವೇರ್ ಉದ್ಯೋಗಿ ಡೇವಿಡ್ ಒರಾಂಚಕ್, ಆಸ್ಟ್ರೇಲಿಯಾದ ಗಣಿತಜ್ಞ ಸ್ಯಾಮ್ ಬ್ಲೇಕ್, ಬೆಲ್ಜಿಯಂನ ಯಾರ್ಲ್ ವಾನ್ ಐಕೆ. ಇಂಥ ಗೂಢಲಿಪಿ ಬಿಡಿಸುವ ‘ಎಝಡ್‌ಡಿಕ್ರಿಪ್ಟ್’ ಎಂಬ ಪ್ರೋಗ್ರಾಂ ಬರೆದದ್ದು ವಾನ್ ಐಕೆ. ಬ್ಲೇಕ್ ಈ 340 ಮನೆಗಳನ್ನು ಓದುವ ಸುಮಾರು ಆರೂವರೆ ಲಕ್ಷ ಬೇರೆ ಬೇರೆ ಕ್ರಮಗಳನ್ನು ತಯಾರು ಮಾಡಿದರು. ಒಂದೊಂದನ್ನೂ ಪ್ರೋಗ್ರಾಂಗೆ ಹಾಕಿ ನೋಡಿದರು. ಬಹುಪಾಲು ಬರೀ ಕಸ. ಒಂದರಲ್ಲಿ ಮಾತ್ರ ಒರಾಂಚಕ್ ಕಣ್ಣಿಗೆ ಕೆಲವು ಚೂರು ಬಿದ್ದವು: ‘ನನ್ನನ್ನು ಹಿಡಿಯಲು’, ‘ಗ್ಯಾಸ್ ಚೇಂಬರ್’ (ಮರಣದಂಡನೆ ಕೊಡುವ ವಿಷಾನಿಲದ ಕೋಣೆ).

ಆ ಕ್ರಮ ಯಾವುದು ಅಂದರೆ, ಮೇಲಿನ ಎಡ ಮೂಲೆಯಿಂದ ಹೊರಟು ಒಂದು ಮನೆ ಕೆಳಗೆ, ಎರಡು ಮನೆ ಬಲಕ್ಕೆ, ಚದುರಂಗದ ಕುದುರೆ ಹೋಗುವ ಹಾಗೆ. ಅಂಚು ಬಂದರೆ ಇನ್ನೊಂದು ಕಡೆಯಿಂದ ಒಳಗೆ ಬರುವುದು. ಇದಕ್ಕೊಂದು ಸುಳಿವು ಮೊದಲೇ ಸಿಕ್ಕಿತ್ತು. ಪ್ರತಿ 19ನೇ ಚಿಹ್ನೆಯನ್ನು ಓದುತ್ತಾ ಹೋದರೆ ಒಂದೇ ಜೋಡಿಗಳು ಮತ್ತೆ ಮತ್ತೆ ಬರುವುದು ಜಾಸ್ತಿಯಾಗುತ್ತದೆ ಎಂದು ಆಸಕ್ತರು ಗಮನಿಸಿದ್ದರು. ಯಾಕೆ 19? ಸಾಲಿಗೆ 17 ಮನೆ. ಒಂದು ಸಾಲು ಕೆಳಗಿಳಿದರೆ 17 ಮುಂದೆ ಹೋದಂತೆ, ಬಲಕ್ಕೆ ಇನ್ನೆರಡು ಹೋದರೆ 19. ಸುಳಿವು ವರ್ಷಗಟ್ಟಲೆ ಕಣ್ಣೆದುರೇ ಇತ್ತು. ಆದರೆ ಅದನ್ನು ಇಡೀ ಹಾಳೆಗೆ ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. ಅವನು ಹಾಳೆಯನ್ನು ಮೂರು ತುಂಡು ಮಾಡಿದ್ದ: ಮೊದಲ ಒಂಬತ್ತು ಸಾಲು, ನಂತರದ ಒಂಬತ್ತು ಸಾಲು, ಕೊನೆಯ ಎರಡು. ಎರಡನೇ ತುಂಡಿನಲ್ಲಿ ಅವನೇ ತಪ್ಪಿ ಒಂದು ಕಡೆ ಚಿಹ್ನೆಗಳು ಒಂದು ಮನೆ ಜರುಗಿದ್ದವು. ಕೊನೆಯ ಎರಡು ಸಾಲಿನಲ್ಲಿ ಕುದುರೆ ನಡೆ ಇಲ್ಲ, ಕೆಲವು ಪದ ಉಲ್ಟಾ ಬರೆದಿವೆ. ಐವತ್ತೊಂದು ವರ್ಷ ಹಿಡಿದದ್ದಕ್ಕೆ ಅವನ ಜಾಣತನ ಎಷ್ಟು ಕಾರಣವೋ ಅವನ ಎಡವಟ್ಟೂ ಅಷ್ಟೇ ಕಾರಣ.

‘ನನ್ನನ್ನು ಹಿಡಿಯುವ ಆಟ ನಿಮಗೆ ಮಜಾ ಕೊಡುತ್ತಿದೆ ಅಂದುಕೊಂಡಿದ್ದೇನೆ. ಟಿವಿಯಲ್ಲಿ ಬಂದದ್ದು ನಾನಲ್ಲ. ಗ್ಯಾಸ್ ಚೇಂಬರ್‌ಗೆ ನಾನು ಹೆದರುವುದಿಲ್ಲ, ಅದು ನನ್ನನ್ನು ಬೇಗ ಸ್ವರ್ಗಕ್ಕೆ ಕಳಿಸುತ್ತದೆ’ ಎಂದು ಬರಹ ಸಾಗುತ್ತದೆ. ಇಲ್ಲೂ ಹೆಸರಿಲ್ಲ.

ಇದು ಸರಿಯಾದ ಓದು ಅಂತ ಹೇಗೆ ಗೊತ್ತು? ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಪ್ರಶ್ನೆ ಇದೇ. ಒಂದೇ ಕೀಲಿ ಇಡೀ ಹಾಳೆಗೆ ಕೂಡುತ್ತದೆ. ಮೂರನೇ ಸಾಲಿನಲ್ಲಿ ಒಂದು ಚಿಹ್ನೆ ‘ಎಸ್’ ಆಗಿದ್ದರೆ ಹದಿನೈದನೇ ಸಾಲಿನಲ್ಲೂ ಅದು ‘ಎಸ್’ ಆಗಿಯೇ ಅರ್ಥ ಕೊಡುತ್ತದೆ. ಇನ್ನು ಟಿವಿಯ ಮಾತು. 1969ರ ಅಕ್ಟೋಬರ್ 22ರ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಟಿವಿ ಕಾರ್ಯಕ್ರಮಕ್ಕೆ ಒಬ್ಬ ಫೋನ್ ಮಾಡಿ ನಾನೇ ಝೋಡಿಯಾಕ್ ಎಂದಿದ್ದ. ಅವನು ಬೇರೆ ಯಾರೋ ಎಂದು ಆಮೇಲೆ ಗೊತ್ತಾಯಿತು. ಗೂಢಲಿಪಿ ಬಂದದ್ದು ಅದಾಗಿ ಎರಡೂವರೆ ವಾರಕ್ಕೆ. ಬಿಡಿಸಿದವರು ಈ ಘಟನೆಯನ್ನು ಒಳಗೆ ತುರುಕಿರಲಿಲ್ಲ, ಅದು ತಾನಾಗಿ ಹೊರಬಂತು. ಮೂರನೆಯದು ಕಾಗುಣಿತ. ಸ್ವರ್ಗಕ್ಕೆ ಇಂಗ್ಲಿಷಿನಲ್ಲಿ ಬರೆಯುವ ‘ಪ್ಯಾರಡೈಸ್’ ಪದದಲ್ಲಿ ಅವನು ‘ಎಸ್’ ಬದಲು ‘ಸಿ’ ಹಾಕಿದ್ದ. ಮೊದಲ ಗೂಢಲಿಪಿಯಲ್ಲೂ ಅದೇ ತಪ್ಪು ಇತ್ತು. 2020ರ ಡಿಸೆಂಬರ್ 11ರಂದು ಎಫ್‌ಬಿಐ ಈ ಓದು ಸರಿ ಎಂದು ಒಪ್ಪಿಕೊಂಡಿತು.

‘ನನ್ನ ಹೆಸರು’ ಎಂದು ಬರೆದ ಸಾಲು

1969ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಕ್ರಿಪ್ಟೋಗ್ರಾಂ ಅಸೋಸಿಯೇಷನ್ ಅಧ್ಯಕ್ಷರು ಝೋಡಿಯಾಕ್‌ಗೆ ಸವಾಲು ಹಾಕಿದ್ದರು: ಧೈರ್ಯ ಇದ್ದರೆ ನಿಜವಾದ ಹೆಸರಿರುವ ಗೂಢಲಿಪಿ ಕಳಿಸು ಎಂದು. 1970ರ ಏಪ್ರಿಲ್ 20ರ ಪತ್ರದಲ್ಲಿ ‘ನನ್ನ ಹೆಸರು’ ಎಂದು ಬರೆದು ಅದರ ಕೆಳಗೆ 13 ಚಿಹ್ನೆ ಇಟ್ಟ. ಅವು ಹೀಗಿವೆ: ಎ, ಇ, ಎನ್, ವೃತ್ತದ ಮೇಲೆ ಅಡ್ಡ ಉದ್ದ ಗೆರೆ ಎಳೆದ ಅವನ ಗುರುತು, ವೃತ್ತದೊಳಗೆ ಎಂಟು, ಕೆ, ಮತ್ತೆ ವೃತ್ತದೊಳಗೆ ಎಂಟು, ಎಂ, ಮತ್ತೆ ಅದೇ ಎಂಟು, ವೃಷಭ ರಾಶಿಯ ಗುರುತಿನಂಥದ್ದು, ಎನ್, ಎ, ಎಂ.

ಇದರಿಂದ ನಮಗೆ ಖಚಿತವಾಗಿ ಸಿಗುವುದು ಇಷ್ಟೇ. ಒಂದನೇ ಮತ್ತು ಹನ್ನೆರಡನೇ ಅಕ್ಷರ ಒಂದೇ. ಮೂರು ಮತ್ತು ಹನ್ನೊಂದು ಒಂದೇ. ಐದು, ಏಳು, ಒಂಬತ್ತು ಒಂದೇ. ಎಂಟು ಮತ್ತು ಹದಿಮೂರು ಒಂದೇ. ಉಳಿದವು ಏನು ಬೇಕಾದರೂ ಆಗಬಹುದು.

ಒಂದು ಹೆಸರನ್ನು ಹಾಕಿಯೇ ನೋಡೋಣ. ಆ ಕಾಲದ ಅಮೆರಿಕದಲ್ಲಿ ಒಂದು ಹಾಸ್ಯ ಪತ್ರಿಕೆಯ ಮುಖಪುಟದಲ್ಲಿ ಬರುತ್ತಿದ್ದ ಹಲ್ಲುಕಿರಿಯುವ ಹುಡುಗನ ಹೆಸರು ಆಲ್ಫ್ರೆಡ್ ಇ ನ್ಯೂಮನ್. ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಎ, ಎಲ್, ಎಫ್, ಆರ್, ಇ, ಡಿ, ಇ, ಎನ್, ಇ, ಯು, ಎಂ, ಎ, ಎನ್. ಸರಿಯಾಗಿ ಹದಿಮೂರು. ಒಂದು ಮತ್ತು ಹನ್ನೆರಡು ಎರಡೂ ‘ಎ’, ಕೂಡಿತು. ಐದು, ಏಳು, ಒಂಬತ್ತು ಮೂರೂ ‘ಇ’, ಕೂಡಿತು. ಎಂಟು ಮತ್ತು ಹದಿಮೂರು ‘ಎನ್’, ಅದೂ ಕೂಡಿತು. ಮೂರು ಮತ್ತು ಹನ್ನೊಂದು ಮಾತ್ರ ‘ಎಫ್’ ಮತ್ತು ‘ಎಂ’, ಕೂಡುವುದಿಲ್ಲ. ತಪ್ಪು ಬರೆಯುವ ಚಟ ಇದ್ದವನು ಇಲ್ಲೂ ಒಂದು ತಪ್ಪಿದ ಎಂದು ವಾದಿಸಿದರೆ ಮುಗಿಯಿತು, ಈ ಕಾಲ್ಪನಿಕ ಹುಡುಗನೇ ಉತ್ತರ! ಅವನು ಪೊಲೀಸರನ್ನು ಅಣಕಿಸಲು ಇದನ್ನೇ ಬರೆದಿರಬಹುದು. ಬರೆಯದೆಯೂ ಇರಬಹುದು. ಹೇಳುವ ದಾರಿಯೇ ಇಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಬರಹದಲ್ಲಿ ಕಣ್ಣುಮುಚ್ಚಿ ಎರಡು ಅಕ್ಷರ ಆರಿಸಿದರೆ ಅವೆರಡೂ ಒಂದೇ ಆಗುವುದು ಸುಮಾರು 15ಕ್ಕೆ ಒಂದು ಸಲ. ಈ 13 ಚಿಹ್ನೆಯಲ್ಲಿ ಬೇರೆ ಬೇರೆಯವು ಎಂಟು, ಅಂದರೆ ಮರುಕಳಿಸುವವು ಐದು. ಐದು 15ಗಳನ್ನು ಒಂದಕ್ಕೊಂದು ಗುಣಿಸಿದರೆ ಏಳೂವರೆ ಲಕ್ಷದ ಮೇಲೆ. ಅಂದರೆ ಒರಟು ಲೆಕ್ಕದಲ್ಲಿ, 13 ಅಕ್ಷರದ ಏಳೂವರೆ ಲಕ್ಷ ಹೆಸರಿಗೆ ಒಂದು ಕೂಡುತ್ತದೆ. 1970ರಲ್ಲಿ ಅಮೆರಿಕದ ಜನಸಂಖ್ಯೆ 20 ಕೋಟಿ. ಹತ್ತರಲ್ಲಿ ಒಬ್ಬರ ಹೆಸರು 13 ಅಕ್ಷರದ್ದು ಎಂದು ಹಿಡಿದರೂ ಇಪ್ಪತ್ತೈದು ಜನರ ಹೆಸರು ಪೂರ್ತಿ ಸರಿಯಾಗಿ ಕೂಡುತ್ತದೆ. ಅಡ್ಡಹೆಸರು, ನಡುವಿನ ಹೆಸರಿನ ಮೊದಲಕ್ಷರ, ಒಂದು ಕಾಗುಣಿತ ತಪ್ಪು ಇವನ್ನೆಲ್ಲ ಒಪ್ಪಿಕೊಂಡರೆ ನೂರಾರು, ಸಾವಿರಾರು. 340ರಲ್ಲಿ ಮಾಡಿದ ಹಾಗೆ ಜಾಗವನ್ನೂ ಕಲಸಿದ್ದಾನೆ ಎಂದರೆ ಮಿತಿಯೇ ಇಲ್ಲ.

ಇದರ ಹಿಂದಿನ ತತ್ವವನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಬರೆದಿಟ್ಟಿದ್ದರು. ಪ್ರತಿ ಬಗೆಯ ಗೂಢಲಿಪಿಗೂ ಒಂದು ಕನಿಷ್ಠ ಉದ್ದ ಇರುತ್ತದೆ. ಅದಕ್ಕಿಂತ ಗಿಡ್ಡದಾದರೆ ಅರ್ಥವಾಗುವ ಓದುಗಳು ಹಲವು ಸಿಗುತ್ತವೆ, ಅವುಗಳಲ್ಲಿ ನಿಜವಾದದ್ದು ಯಾವುದೆಂದು ಗೂಢಲಿಪಿಯೊಂದರಿಂದಲೇ ಹೇಳಲು ಬರುವುದಿಲ್ಲ. ಒಂದಕ್ಕೊಂದು ಚಿಹ್ನೆಯ ಸಾದಾ ಗೂಢಲಿಪಿಗೇ ಇಂಗ್ಲಿಷಿನಲ್ಲಿ ಸುಮಾರು 28 ಅಕ್ಷರ ಬೇಕು. ಒಂದು ಅಕ್ಷರಕ್ಕೆ ಹಲವು ಚಿಹ್ನೆ ಇದ್ದರೆ ಇನ್ನೂ ಜಾಸ್ತಿ. ಕಂಪ್ಯೂಟರ್ ಎಷ್ಟೇ ದೊಡ್ಡದಾಗಲಿ, ಈ ಮಿತಿ ದಾಟುವುದಿಲ್ಲ. ಯಾಕಂದರೆ ಕೊರತೆ ಇರುವುದು ಕಂಪ್ಯೂಟರ್ ಶಕ್ತಿಯಲ್ಲಲ್ಲ, ಕಾಗದದ ಮೇಲಿರುವ ಮಾಹಿತಿಯಲ್ಲಿ.

ಇಲ್ಲೇ ನನಗೆ ಸಂಕಟವಾಗುವುದು. ಕೂಡುವ ಹೆಸರು ಹುಡುಕುವುದು ಇಷ್ಟು ಸುಲಭವಾಗಿರುವಾಗ, ಜನ ಮೊದಲು ಒಬ್ಬನ ಮೇಲೆ ಅನುಮಾನ ಪಡುತ್ತಾರೆ, ಆಮೇಲೆ ಅವನ ಹೆಸರನ್ನು ಈ 13 ಮನೆಗೆ ಹೇಗೋ ಕೂರಿಸುತ್ತಾರೆ. ಸತ್ತುಹೋದ ಯಾರದೋ ಅಪ್ಪ, ಯಾರದೋ ಅಜ್ಜ ಒಂದು ಬೆಳಗ್ಗೆ ಪ್ರಪಂಚದ ಕಣ್ಣಿಗೆ ಸರಣಿ ಕೊಲೆಗಾರನಾಗುತ್ತಾನೆ. ಆ ಮನೆಯವರು ಏನು ಮಾಡಬೇಕು? ‘ಗೂಢಲಿಪಿ ಹೇಳುತ್ತಿದೆ’ ಎಂಬ ಮಾತಿಗೆ ಜನ ಕೊಡುವ ತೂಕ ತುಂಬಾ ದೊಡ್ಡದು. ಈ ಒಂದು ಸಾಲಿಗೆ ಅಷ್ಟು ತೂಕ ಇಲ್ಲವೇ ಇಲ್ಲ.

ನಾಲ್ಕನೆಯದು ಇನ್ನೂ ಕಷ್ಟ. 1970ರ ಜೂನ್ 26ರಂದು ಫಿಲಿಪ್ಸ್ 66 ಕಂಪನಿಯ ರಸ್ತೆ ನಕ್ಷೆಯೊಂದನ್ನು ಕಳಿಸಿದ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಕ್ಷೆ. ಅದರಲ್ಲಿ ಮೌಂಟ್ ಡಯಾಬ್ಲೋ ಬೆಟ್ಟದ ಮೇಲೆ ತನ್ನ ಗುರುತು ಹಾಕಿ, ಸೊನ್ನೆಯನ್ನು ದಿಕ್ಸೂಚಿಯ ಉತ್ತರಕ್ಕೆ ಹೊಂದಿಸಿ ಎಂದಿದ್ದ. ಪತ್ರದ ಕೊನೆಗೆ 32 ಚಿಹ್ನೆಯ ಗೂಢಲಿಪಿ. ನಕ್ಷೆ ಮತ್ತು ಇದನ್ನು ಸೇರಿಸಿ ನೋಡಿದರೆ ಬಾಂಬ್ ಎಲ್ಲಿ ಹೂತಿದ್ದೇನೆಂದು ತಿಳಿಯುತ್ತದೆ ಎಂದು ಬರೆದಿದ್ದ. ಒಂದು ತಿಂಗಳ ಮೇಲೆ ಇನ್ನೊಂದು ಪತ್ರದಲ್ಲಿ ಸುಳಿವು ಕೊಟ್ಟ: ರೇಡಿಯನ್ ಮತ್ತು ಇಂಚು. ರೇಡಿಯನ್ ಅಂದರೆ ಕೋನ ಅಳೆಯುವ ಮಾನ, ಒಂದು ರೇಡಿಯನ್‌ಗೆ ಸುಮಾರು 57 ಡಿಗ್ರಿ. ಬೆಟ್ಟದಿಂದ ಇಷ್ಟು ಕೋನ ತಿರುಗಿ, ನಕ್ಷೆಯ ಮೇಲೆ ಇಷ್ಟು ಇಂಚು ಹೋಗಿ ಎಂಬ ಅರ್ಥ ಇರಬೇಕು.

ಉದ್ದ 32 ಇದೆಯಲ್ಲ, 13ಕ್ಕಿಂತ ವಾಸಿ ಅಲ್ವಾ ಅನಿಸಬಹುದು. ಅಲ್ಲ. 32ರಲ್ಲಿ 29 ಬೇರೆ ಬೇರೆ ಚಿಹ್ನೆ. ಮರುಕಳಿಸುವವು ಮೂರೇ ಮೂರು. ಮೇಲಿನ ಲೆಕ್ಕವನ್ನೇ ಹಾಕಿದರೆ, ಯಾವುದೇ ಇಂಗ್ಲಿಷ್ ಬರಹದಿಂದ 32 ಅಕ್ಷರದ ತುಂಡು ಕತ್ತರಿಸುತ್ತಾ ಹೋದರೆ ಸುಮಾರು 3,400 ತುಂಡಿಗೆ ಒಂದು ಇದಕ್ಕೆ ಸರಿಯಾಗಿ ಕೂಡುತ್ತದೆ. ಐದು ಲಕ್ಷ ಅಕ್ಷರದ ದಪ್ಪ ಕಾದಂಬರಿಯೊಂದರಲ್ಲಿ ನೂರೈವತ್ತು ಕಡೆ ‘ಉತ್ತರ’ ಸಿಗುತ್ತದೆ. 2021ರಲ್ಲಿ ಫ್ರಾನ್ಸಿನ ಇಂಜಿನಿಯರ್ ಒಬ್ಬರು 340ರ ಕೀಲಿ ಬಳಸಿ ಎರಡನ್ನೂ ಬಿಡಿಸಿದೆ ಎಂದಾಗ ದೊಡ್ಡ ಸುದ್ದಿಯಾಯಿತು. ಗೂಢಲಿಪಿಯ ಜಾಣರು ಒಪ್ಪಲಿಲ್ಲ. ಮಧ್ಯೆ ಎಷ್ಟು ಹೆಜ್ಜೆ ಸೇರಿಸಿಕೊಳ್ಳುತ್ತೇವೋ ಅಷ್ಟು ಕಡೆ ನಮ್ಮಿಷ್ಟದಂತೆ ತಿರುಗಿಸುವ ಅವಕಾಶ ಸಿಗುತ್ತದೆ. 340ರ ಓದಿಗೆ ಇದ್ದ ಟಿವಿಯ ಸಾಕ್ಷಿಯಂಥದ್ದು ಇಲ್ಲಿ ಇಲ್ಲ.

ಬಾಂಬ್ ಸಿಗಲಿಲ್ಲ. ಇದೊಂದು ಗೂಢಲಿಪಿಗೆ ಮಾತ್ರ ಹೊರಗಿನಿಂದ ಪುರಾವೆ ಸಿಗುವ ದಾರಿ ಇತ್ತು. ಓದು ಹೇಳಿದ ಜಾಗದಲ್ಲಿ ಅಗೆದು ಏನಾದರೂ ಸಿಕ್ಕಿದ್ದರೆ ಮಾತು ಮುಗಿಯುತ್ತಿತ್ತು.

ಹೆಸರಿನ ಸಾಲಿಗೆ ಉಳಿದಿರುವುದು ಇನ್ನೊಂದೇ ದಾರಿ, ಅದು ಉಲ್ಟಾ ದಾರಿ. 2018ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ, ಗೋಲ್ಡನ್ ಸ್ಟೇಟ್ ಕಿಲ್ಲರ್ ಎಂದು ಹೆಸರಾಗಿದ್ದವನನ್ನು ನಾಲ್ಕು ದಶಕದ ಹಳೆಯ ಡಿಎನ್ಎ ಮತ್ತು ದೂರದ ನೆಂಟರ ವಂಶವೃಕ್ಷ ಸೇರಿಸಿ ಹಿಡಿದರು. ವಲೆಹೋ ಪೊಲೀಸರೂ ಝೋಡಿಯಾಕ್ ಪತ್ರಗಳ ಲಕೋಟೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಲಕೋಟೆಯ ಅಂಟಿನಲ್ಲಿ, ಅಂಚೆ ಚೀಟಿಯ ಹಿಂದೆ ಎಂಜಲು ಉಳಿದಿರಬಹುದು ಎಂಬ ಆಸೆ. ಆ ದಾರಿಯಲ್ಲಿ ಒಂದು ಹೆಸರು ಬಂದರೆ, ಆಗ ಅದನ್ನು 13 ಚಿಹ್ನೆಗಳ ಕೆಳಗೆ ಬರೆದು ನೋಡಬಹುದು. ಒಂದು ಮತ್ತು ಹನ್ನೆರಡು ಒಂದೇನಾ, ಐದು, ಏಳು, ಒಂಬತ್ತು ಒಂದೇನಾ ಎಂದು. ಕೂಡಿದರೆ ಗೂಢಲಿಪಿ ಬಿಡಿಸಿದಂತೆ. ಕೂಡದಿದ್ದರೆ, 408ರ ಜೊತೆಗಿನ ಪತ್ರದಲ್ಲಿ ಹೇಳಿದ ಸುಳ್ಳನ್ನೇ ಅವನು ಇಲ್ಲೂ ಹೇಳಿದ್ದ ಎಂದು ಗೊತ್ತಾಗುತ್ತದೆ.